ಎರಡೂಕಾಲು ಇಂಚು

ಆರ್ಡಿತ್ ವೊಂಡ್ರಾ ಕೌದಿಯನ್ನು
ಕಸದ ಕಪ್ಪು ಚೀಲದಲ್ಲಿ ತುರುಕಿ ಕೊಟ್ಟಳು,
ಮೇಲೊಂದು ಚೀಟಿ: ನೂರ ಎಂಬತ್ತು ಡಾಲರು, ದಾರದ್ದು ಬೇರೆ.
ನೆಬ್ರಾಸ್ಕಾದ ಗಾಳಿಗೆ ಎದುರಾಗಿ, ಜಲ್ಲಿರಸ್ತೆಯ ಹದಿನಾಲ್ಕು ಮೈಲಿ
ಅದು ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂತು.
ಬೆಲ್ಟು ಕೂಡ ಹಾಕಿದ್ದೆ.

ಅಡುಗೆಮನೆಯ ಮೇಜಿನ ಮೇಲೆ ಮಗುಚಿ ಹಾಸಿದೆ.
ಬೆನ್ನ ತುಂಬ ಕುಣಿಕೆಗಳು,
ಮಲಗಿದ ಕರುವಿನ ರೆಪ್ಪೆಗಳ ಹಾಗೆ, ಸಾಲು ಸಾಲು.
ಉಗುರು ತಗುಲಿದರೆ ಸರ್ರನೆ ಬಿಚ್ಚುವ ಎಳೆ.
ಬಲ ಅಂಚಿನಲ್ಲಿ ಹೆಬ್ಬೆರಳು ದಪ್ಪದ ನಿರಿಗೆ,
ಅದರ ಮೇಲೇ ಹೊಲಿದುಕೊಂಡು ಹೋಗಿದ್ದಾಳೆ
ರಸ್ತೆಯಲ್ಲಿ ಸತ್ತ ಮೊಲವನ್ನು ಕಂಡೂ ನಿಲ್ಲದ ಟ್ರಕ್ಕಿನ ಹಾಗೆ.

ಒಂಬೈನೂರ ಮೂವತ್ತಾರು ತುಂಡು.
ಮೂರು ಚಳಿಗಾಲ,
ಒಂದರಲ್ಲಿ ಮೊಣಕಾಲಿನ ಆಪರೇಷನ್ನು.
ಹೋಗಲಿ ಎಂದರೆ ಅದು ನನ್ನದೂ ಅಲ್ಲ:
ಬೆಂಕಿ ಆರಿಸುವ ದಳಕ್ಕೆ ಹೊಸ ಪೈಪು ಬೇಕೆಂದು ಲಾಟರಿಗಿಟ್ಟದ್ದು.
ಇನ್ನೂರ ಹತ್ತು ಟಿಕೆಟು ಆಗಲೇ ಮಾರಿಯಾಗಿದೆ,
ಪಾದ್ರಿಯೇ ನಾಲ್ಕು ಕೊಂಡಿದ್ದಾರೆ.

ಮರುದಿನವೇ ಹೋದೆ.
ಸಿಟ್ಟು ಆರುವ ಮುನ್ನ ಹೋಗಬೇಕು,
ಇಲ್ಲವಾದರೆ ನಾನು ಕೇಕು ಮಾಡಿಕೊಂಡು ಹೋಗುವ ಪೈಕಿ.
ಅವಳ ನೆಲಮಾಳಿಗೆಯಲ್ಲಿ ಹನ್ನೆರಡಡಿಯ ಯಂತ್ರ,
ಅದರ ಕಂತು ಇನ್ನೂ ಮೂರು ವರ್ಷ ಬಾಕಿ ಎಂದು ಊರಿಗೆಲ್ಲ ಗೊತ್ತು.
ಆರ್ಡಿತ್ ಕನ್ನಡಕ ಏರಿಸಿ, ಇಳಿಸಿ,
"ಓಡುವ ಕುದುರೆಯ ಮೇಲಿಂದ ನೋಡಿದರೆ
ಇದೇನೂ ಕಾಣೋದಿಲ್ಲ, ಲವೋನ್."
"ಕುದುರೆ ಎಲ್ಲಿದೆ, ಆರ್ಡಿತ್?
ಕೌದಿ ಹೊದ್ದವರು ಮಲಗಿರುತ್ತಾರೆ.
ಮೂಗಿಗೂ ಹೊಲಿಗೆಗೂ ನಡುವೆ ಮೂರೇ ಇಂಚು."

ಅವಳು ಅಂದಳು: ನಿನ್ನ ಅಂಚೇ ಸರಿಯಿರಲಿಲ್ಲ.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,
ಅಂದುಕೊಂಡೆ. ಅನ್ನಲಿಲ್ಲ.
ಅಂದಷ್ಟೇ ಕೇಳಿಸಿತೇನೋ,
ಕಾಫಿ ಡಬ್ಬಿ ತೆಗೆದು ತೊಂಬತ್ತು ಡಾಲರು ಎಣಿಸಿದಳು,
ಹತ್ತರ ನೋಟು, ಐದರದು, ಕೊನೆಗೆ ಒಂದೊಂದರವು,
ಪ್ರತಿಯೊಂದರ ಮುಖವೂ ಮೇಲೆ ಬರುವಂತೆ ತಿರುಗಿಸಿ.
ಹೊಲಿಗೆಯಲ್ಲಿ ಇಷ್ಟು ಅಚ್ಚುಕಟ್ಟು ಇದ್ದಿದ್ದರೆ!

ಈಗ ಫೆಬ್ರವರಿ. ಬಿಚ್ಚುತ್ತಿದ್ದೇನೆ.
ಮೂರು ಹೊಲಿಗೆಗೊಮ್ಮೆ ಕತ್ತರಿಸು, ತಿರುವು, ಎಳೆ.
ರೇಡಿಯೋದಲ್ಲಿ ಮೆಕ್ಕೆಜೋಳದ ಬೆಲೆ, ಹಂದಿಯ ಬೆಲೆ, ಮತ್ತೆ ಹಿಮ.
ಯೂಜೀನ್ ಕಾಲುಚೀಲಕ್ಕೆ ದಾರದ ಚೂರು ಅಂಟಿಸಿಕೊಂಡು
ಹೋಗುತ್ತಾನೆ, ಬರುತ್ತಾನೆ, ಏನೂ ಕೇಳುವುದಿಲ್ಲ.
ಬಿಚ್ಚುವಾಗಲೇ ಹೊಲಿದವಳ ಕೈ ಗೊತ್ತಾಗುವುದು:
ಇಲ್ಲಿ ಫೋನು ಬಂದಿದೆ, ಇಲ್ಲಿ ಬೇಸತ್ತಿದ್ದಾಳೆ,
ಇಲ್ಲಿ, ಒಂದೂವರೆ ಅಡಿ, ಯಾಕೋ
ತುಂಬ ಚೆನ್ನಾಗಿ ಹೊಲಿದಿದ್ದಾಳೆ.
ಅಷ್ಟನ್ನು ಬಿಚ್ಚಲು ಮನಸ್ಸಾಗದೆ ಸುತ್ತುಹಾಕಿ ಮುಂದೆ ಹೋದೆ.

ನಿನ್ನೆ ನಿರಿಗೆ ಬಿಡಿಸಿದೆ.
ಬಟ್ಟೆ ಉಸಿರೆಳೆದು ಉಬ್ಬಿತು, ಎಷ್ಟು ಸವರಿದರೂ ಚಪ್ಪಟೆಯಾಗಲೊಲ್ಲದು.
ಟೇಪು ಹಿಡಿದೆ.
ಎಡ ಅಂಚು ತೊಂಬತ್ತೆರಡು.
ಬಲ ಅಂಚು ತೊಂಬತ್ತನಾಲ್ಕೂಕಾಲು.
ಯೂಜೀನನ ಕೈಲಿ ಒಂದು ತುದಿ ಕೊಟ್ಟು ಮತ್ತೊಮ್ಮೆ.
ತೊಂಬತ್ತನಾಲ್ಕೂಕಾಲು.
ಅದು ಮೊಣಕಾಲಿನ ಚಳಿಗಾಲದ ಅಂಚು,
ಮಾತ್ರೆಯ ಮಂಪರಿನಲ್ಲಿ ಅಳೆಯದೆ, ಕಣ್ಣಂದಾಜಿನಲ್ಲಿ ಕೂಡಿಸಿದ್ದು.
ನಾನು ಬಿಟ್ಟ ಎರಡೂಕಾಲು ಇಂಚನ್ನು
ಅವಳು ಎಲ್ಲಾದರೂ ಹುಗಿಯಬೇಕಿತ್ತಲ್ಲ.

ಕುಣಿಕೆಗಳು ಅವಳವು. ಅದರಲ್ಲಿ ಮಾತಿಲ್ಲ.
ನೆಲ ಮಾತ್ರ ಡೊಂಕೇ ಇತ್ತು.

ಇವತ್ತು ಚರ್ಚಿನಲ್ಲಿ ನನ್ನ ಮುಂದಿನ ಬೆಂಚಿನಲ್ಲೇ ಆರ್ಡಿತ್.
ಕೋಟಿನ ಕಾಲರು ಬಿಟ್ಟು ಒಂದೆಳೆ ಜೋತಿತ್ತು.
ಕೀಳಲು ಕೈ ಹೋಯಿತು, ಹಿಂದೆ ಬಂತು.
ಪರ್ಸಿನಲ್ಲಿ ತೊಂಬತ್ತು ಡಾಲರು
ಅವಳು ಕೊಟ್ಟ ಹಾಗೆಯೇ,
ಮುಖವೆಲ್ಲ ಮೇಲಾಗಿ.